ಓಟಿಗೆ ನಿಂತ ನ್ಯಾಯಮೂರ್ತಿಗಳು

ಕೋರ್ಟು ಕಟ್ಟೆ: ಓದುಗರ ಪ್ರಶ್ನೆ, ಶಿರಸ್ತೇದಾರರ ಉತ್ತರ

(ತುಮಕೂರು ಜಿಲ್ಲೆಯ ಕೋರ್ಟುಗಳಲ್ಲಿ ಗುಮಾಸ್ತೆಯಾಗಿ ಸೇರಿ ಶಿರಸ್ತೇದಾರರಾಗಿ ನಿವೃತ್ತರಾದ ನಮ್ಮ ಅಂಕಣಗಾರ್ತಿ ಕಳೆದ ಸಂಚಿಕೆಯಲ್ಲಿ ಬೇರೇನೋ ವಿಚಾರ ಬರೆಯುತ್ತಾ, ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಸುಪ್ರೀಂ ಕೋರ್ಟ್ ಜಡ್ಜ್‌ಗಳೂ ಓಟಿಗೆ ನಿಲ್ಲುತ್ತಾರೆ ಎಂದು ಒಂದು ಮಾತು ಹೇಳಿದ್ದರು. ಈ ಸಲ ಬಂದ ಪತ್ರಗಳೆಲ್ಲ ಅದರ ಮೇಲೆಯೇ. – ಸಂ.)

ಪ್ರಶ್ನೆ: ಅಮ್ಮನವರೇ, ಜಡ್ಜ್ ಸಾಹೇಬರನ್ನು ಜನ ಓಟು ಹಾಕಿ ಆರಿಸ್ತಾರೆ ಅಂದರೆ ನಮ್ಮ ಮಂಡಿಯಲ್ಲಿ ಯಾರೂ ನಂಬುತ್ತಿಲ್ಲ. ಹುಡುಗಾಟಕ್ಕೆ ಬರೆದಿರಾ?
– ಕೊಬ್ಬರಿ ವ್ಯಾಪಾರಿ, ತಿಪಟೂರು

ಉತ್ತರ: ಹುಡುಗಾಟವಲ್ಲ ಸ್ವಾಮಿ. ಆದರೆ ಮಂಡಿಯವರಿಗೆ ಇಷ್ಟು ಬಿಡಿಸಿ ಹೇಳಿ. ವಾಷಿಂಗ್ಟನ್ನಿನಲ್ಲಿರುವ ದೊಡ್ಡ ಸುಪ್ರೀಂ ಕೋರ್ಟಿನ ಒಂಬತ್ತು ಮಂದಿಗೆ ಯಾರೂ ಓಟು ಹಾಕುವುದಿಲ್ಲ. ಅವರನ್ನು ಅಧ್ಯಕ್ಷರು ಹೆಸರಿಸುತ್ತಾರೆ, ಸೆನೆಟ್ (ಅಲ್ಲಿಯ ಸಂಸತ್ತಿನ ಮೇಲ್ಮನೆ) ಒಪ್ಪಬೇಕು, ಒಪ್ಪಿದ ಮೇಲೆ ಬದುಕಿರುವ ತನಕ ಕುರ್ಚಿ ಅವರದು. ಓಟಿನ ಮಾತು ರಾಜ್ಯಗಳದು. ಅಲ್ಲಿ ಒಂದೊಂದು ರಾಜ್ಯಕ್ಕೂ ಅದರದೇ ಸಂವಿಧಾನ, ಅದರದೇ ಸುಪ್ರೀಂ ಕೋರ್ಟು. ನಮ್ಮ ಲೆಕ್ಕದಲ್ಲಿ ಹೈಕೋರ್ಟು ಅಂದುಕೊಳ್ಳಿ. 50 ರಾಜ್ಯಗಳ ಪೈಕಿ 38ರಲ್ಲಿ ಆ ಕೋರ್ಟಿನ ನ್ಯಾಯಮೂರ್ತಿಗಳು ಯಾವುದಾದರೂ ಒಂದು ಹಂತದಲ್ಲಿ ಜನರ ಓಟು ಎದುರಿಸಲೇಬೇಕು.

ಇದು ನಿನ್ನೆ ಮೊನ್ನೆಯದಲ್ಲ. ಎಲ್ಲ ಜಡ್ಜ್‌ಗಳನ್ನೂ ಜನರೇ ಆರಿಸಬೇಕು ಎಂದು ಸಂವಿಧಾನದಲ್ಲಿ ಬರೆದುಕೊಂಡ ಮೊದಲ ರಾಜ್ಯ ಮಿಸಿಸಿಪ್ಪಿ, 1832ರಲ್ಲಿ. 1846ರಲ್ಲಿ ನ್ಯೂಯಾರ್ಕ್ ಅದೇ ದಾರಿ ಹಿಡಿಯಿತು, ಆಮೇಲೆ ಸಾಲುಸಾಲಾಗಿ ಬೇರೆ ರಾಜ್ಯಗಳು. ಆಗಿನವರ ಸಿಟ್ಟಿಗೆ ಕಾರಣವೂ ಇತ್ತು. ಗವರ್ನರುಗಳು (ನಮ್ಮ ಮುಖ್ಯಮಂತ್ರಿಯ ಹಾಗೆ ರಾಜ್ಯದ ಸರ್ಕಾರ ನಡೆಸುವವರು), ಶಾಸಕರು ತಂತಮ್ಮ ಕಡೆಯವರನ್ನು ತಂದು ಪೀಠದ ಮೇಲೆ ಕೂರಿಸುತ್ತಿದ್ದರು. ಜನರೇ ಆರಿಸಿದ ಜಡ್ಜ್ ಶಾಸಕರಿಗೆ ಹೆದರಬೇಕಾಗಿಲ್ಲ ಎಂಬುದು ಲೆಕ್ಕಾಚಾರ. ಆಮೇಲೆ ಯಾರಿಗೆ ಹೆದರಬೇಕಾಗುತ್ತದೆ ಎಂದು ಆಗ ಯಾರೂ ಹೆಚ್ಚು ಯೋಚಿಸಲಿಲ್ಲ.

ಓಟಿನಲ್ಲೂ ಬಗೆಗಳಿವೆ. ಕೆಲವು ಕಡೆ ಪಕ್ಷದ ಹೆಸರು ಹೊತ್ತೇ ನಿಲ್ಲುತ್ತಾರೆ. ಕೆಲವು ಕಡೆ ಪಕ್ಷವಿಲ್ಲದೆ, ನಮ್ಮ ಗ್ರಾಮ ಪಂಚಾಯಿತಿ ಚುನಾವಣೆಯ ಹಾಗೆ (ಪಕ್ಷ ಎಷ್ಟರಮಟ್ಟಿಗೆ ಇರುವುದಿಲ್ಲ ಎಂಬುದು ನಿಮಗೇ ಗೊತ್ತು). ಇನ್ನೊಂದು ಬಗೆಯಲ್ಲಿ ಎದುರಾಳಿಯೇ ಇರುವುದಿಲ್ಲ. ಮೊದಲು ಗವರ್ನರ್ ನೇಮಿಸುತ್ತಾರೆ. ಆಮೇಲಿನ ಚುನಾವಣೆಯಲ್ಲಿ, ಈ ನ್ಯಾಯಮೂರ್ತಿ ಮುಂದುವರಿಯಲೋ ಬೇಡವೋ ಎಂದು ಜನರನ್ನು ಕೇಳುತ್ತಾರೆ. ಹೌದು ಅಥವಾ ಇಲ್ಲ, ಅಷ್ಟೇ. ಕ್ಯಾಲಿಫೋರ್ನಿಯಾದಲ್ಲಿ ಇದು 1934ರಲ್ಲಿ ಬಂತು.

ನನ್ನ ಅಕ್ಕನ ಮಗ ಸ್ಯಾನ್ ಹೋಸೆ ಕಡೆ ಇದ್ದಾನೆ, ಅಲ್ಲಿಯ ಪೌರತ್ವ ಪಡೆದವನು. 2022ರ ನವೆಂಬರಿನಲ್ಲಿ ಓಟಿನ ಹಾಳೆಯ ಫೋಟೋ ಕಳಿಸಿ, "ಚಿಕ್ಕಮ್ಮ, ಗವರ್ನರ್‌ಗೆ ಯಾರು ಅಂತ ಗೊತ್ತು. ಇಲ್ಲಿ ಸುಪ್ರೀಂ ಕೋರ್ಟಿನವರು ನಾಲ್ಕು ಜನ ಇದ್ದಾರೆ, ಒಬ್ಬರ ಹೆಸರೂ ಕೇಳಿಲ್ಲ. ನೀನು ಕೋರ್ಟಿನವಳಲ್ಲವಾ, ಏನು ಮಾಡಲಿ?" ಅಂದ. ತುಮಕೂರಿನಲ್ಲಿ ಕೂತ ನನ್ನನ್ನು ಕೇಳಿ ಅಲ್ಲಿಯ ಹೈಕೋರ್ಟಿನವರ ಹಣೆಬರಹ ಬರೆಯುವುದೇ! ನಾಲ್ವರ ತೀರ್ಪು ಒಂದೊಂದಾದರೂ ಓದಪ್ಪ ಅಂದೆ. ಓದಿದನೋ ಇಲ್ಲವೋ, ತಿರುಗಿ ಫೋನ್ ಬರಲಿಲ್ಲ.

ಪ್ರಶ್ನೆ: ಎದುರಾಳಿಯೇ ಇಲ್ಲದಿದ್ದರೆ ಸೋಲುವ ಪ್ರಶ್ನೆ ಎಲ್ಲಿಂದ ಬಂತು ಮೇಡಂ? ಹೀಗೆ ಸೋತ ನ್ಯಾಯಮೂರ್ತಿಗಳು ನಿಜವಾಗಿ ಇದ್ದಾರೆಯೇ?
– ಎಲ್‌ಎಲ್‌ಬಿ ಮೂರನೇ ವರ್ಷದ ವಿದ್ಯಾರ್ಥಿನಿ, ತುಮಕೂರು

ಉತ್ತರ: ಇದ್ದಾರಮ್ಮ. 1986ರ ನವೆಂಬರ್ 4ರಂದು ಕ್ಯಾಲಿಫೋರ್ನಿಯಾದಲ್ಲಿ ಒಂದೇ ಏಟಿಗೆ ಮೂವರು ಸೋತರು. ಅವರಲ್ಲಿ ಒಬ್ಬರು ಮುಖ್ಯ ನ್ಯಾಯಮೂರ್ತಿ, ರೋಸ್ ಬರ್ಡ್. ಉಳಿದಿಬ್ಬರು ಕ್ರೂಸ್ ರೆನೊಸೊ ಮತ್ತು ಜೋಸೆಫ್ ಗ್ರೋಡಿನ್. ಆ ರಾಜ್ಯದಲ್ಲಿ ಅದಕ್ಕೆ ಮುಂಚೆ ಹೀಗೆ ಯಾರೂ ಸೋತಿರಲಿಲ್ಲ, ಆಮೇಲೂ ಯಾರೂ ಸೋತಿಲ್ಲ. ನೀನು ಕಾನೂನು ಓದುವವಳು, ಅದಕ್ಕೇ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ರೋಸ್ ಬರ್ಡ್ 1936ರಲ್ಲಿ ಅರಿಜೋನಾದಲ್ಲಿ ಹುಟ್ಟಿದವರು. ಎಳವೆಯಲ್ಲೇ ತಂದೆ ಹೋದರು, ತಾಯಿ ಫ್ಯಾಕ್ಟರಿಯಲ್ಲಿ ದುಡಿದು ಸಾಕಿದರು. ಬರ್ಕ್ಲಿಯಲ್ಲಿ ಕಾನೂನು ಓದಿ, ಸ್ಯಾಂಟಾ ಕ್ಲಾರಾ ಕೌಂಟಿಯಲ್ಲಿ ಸರ್ಕಾರಿ ಖರ್ಚಿನಲ್ಲಿ ಬಡ ಆರೋಪಿಗಳ ಪರ ವಾದಿಸುವ ವಕೀಲರಾದರು. ಆ ಹುದ್ದೆಗೆ ಅಲ್ಲಿ ಮೊದಲ ಹೆಂಗಸು. 1975ರಲ್ಲಿ ಗವರ್ನರ್ ಜೆರ್ರಿ ಬ್ರೌನ್ ಕೃಷಿ ಖಾತೆ ಕೊಟ್ಟರು. 1977ರಲ್ಲಿ ಅವರನ್ನೇ ನೇರವಾಗಿ ಮುಖ್ಯ ನ್ಯಾಯಮೂರ್ತಿ ಮಾಡಿಬಿಟ್ಟರು. ವಯಸ್ಸು 40. ಒಂದು ದಿನವೂ ಜಡ್ಜ್ ಆಗಿ ಕೂತವರಲ್ಲ. ಆ ಕೋರ್ಟಿಗೆ ಬಂದ ಮೊದಲ ಮಹಿಳೆ. ಹಿರಿಯರಿಗೆ ಎಷ್ಟು ಉರಿದಿರಬೇಕು, ಊಹಿಸಿಕೋ.

1978ರಲ್ಲಿ ಮೊದಲ ಸಲ ಜನರ ಮುಂದೆ ಬಂದಾಗ ಶೇ. 52ಕ್ಕಿಂತ ಕಡಿಮೆ ಓಟಿನಲ್ಲಿ ಉಳಿದುಕೊಂಡರು. ಅದೇ ದಿನ ಬೆಳಿಗ್ಗೆ ಲಾಸ್ ಏಂಜಲೀಸ್ ಟೈಮ್ಸ್‌ನಲ್ಲಿ, ಓಟು ಮುಗಿಯಲಿ ಅಂತ ಕೋರ್ಟು ಒಂದು ವಿವಾದದ ತೀರ್ಪನ್ನು ತಡೆಹಿಡಿದಿದೆ ಎಂಬ ಸುದ್ದಿ ಬಂದಿತ್ತು. 1979ರಲ್ಲಿ ಅದರ ಮೇಲೆ ಬಹಿರಂಗ ವಿಚಾರಣೆಯೇ ನಡೆಯಿತು. ನ್ಯಾಯಮೂರ್ತಿಗಳು ಒಬ್ಬೊಬ್ಬರಾಗಿ ಬಂದು ಒಳಗಿನ ಮಾತುಕತೆಗೆ ಸಾಕ್ಷಿ ಹೇಳಬೇಕಾಯಿತು. ಕೊನೆಗೆ ಯಾರ ಮೇಲೂ ಆರೋಪ ಹೊರಿಸಲಿಲ್ಲ. ಆದರೆ ಛೇಂಬರಿನ ಮಾತು ಬೀದಿಗೆ ಬಿದ್ದ ಮೇಲೆ ಕೋರ್ಟಿಗೆ ಮೊದಲಿನ ಗೌರವ ಉಳಿಯುವುದಿಲ್ಲ. ಇದನ್ನು ನಾನು ಓದಿ ಹೇಳುತ್ತಿಲ್ಲ, ನೌಕರಿಯಲ್ಲಿ ನೋಡಿ ಹೇಳುತ್ತಿದ್ದೇನೆ.

ಈಗ ಗಲ್ಲಿನ ವಿಚಾರಕ್ಕೆ ಬಾ. ನಮ್ಮಲ್ಲಿ ಸೆಷನ್ಸ್ ಕೋರ್ಟು ಗಲ್ಲು ವಿಧಿಸಿದರೆ ಹೈಕೋರ್ಟು ಖಾಯಂ ಮಾಡುವ ತನಕ ಜಾರಿಯಾಗದು. ಕ್ಯಾಲಿಫೋರ್ನಿಯಾದಲ್ಲೂ ಮರಣದಂಡನೆ ವಿಧಿಸಿದ ಕೂಡಲೇ, ಆರೋಪಿ ಕೇಳಲಿ ಬಿಡಲಿ, ಮೇಲ್ಮನವಿ ಸೀದಾ ರಾಜ್ಯದ ಸುಪ್ರೀಂ ಕೋರ್ಟಿಗೆ. ರೋಸ್ ಬರ್ಡ್ ಮುಂದೆ 60ಕ್ಕೂ ಹೆಚ್ಚು ಇಂಥ ಕೇಸುಗಳು ಬಂದವು. ಒಂದರಲ್ಲೂ ಅವರು ಮರಣದಂಡನೆ ಎತ್ತಿಹಿಡಿಯಲಿಲ್ಲ. ಜನರ ತಲೆಯಲ್ಲಿ ಕೂತದ್ದು ಇದೊಂದೇ ಲೆಕ್ಕ.

ಆ ಲೆಕ್ಕದ ಹಿಂದಿನ ಕಥೆ ಯಾರಿಗೂ ಬೇಕಾಗಿರಲಿಲ್ಲ. 1978ರ ನವೆಂಬರಿನಲ್ಲಿ, ರೋಸ್ ಬರ್ಡ್ ಕೂದಲೆಳೆಯಲ್ಲಿ ಪಾರಾದ ಅದೇ ದಿನ, ಮರಣದಂಡನೆಯ ವ್ಯಾಪ್ತಿ ಹಿಗ್ಗಿಸುವ ಕಾನೂನನ್ನೂ ಜನರೇ ಓಟು ಹಾಕಿ ಪಾಸು ಮಾಡಿದ್ದರು. ಶಾಸನಸಭೆ ಕೂತು ಬರೆದದ್ದಲ್ಲ, ಸಹಿ ಸಂಗ್ರಹಿಸಿ ಓಟಿಗಿಟ್ಟದ್ದು. ಬರವಣಿಗೆ ತೀರಾ ಸಡಿಲ. ದರೋಡೆ ಮಾಡುವಾಗ ಕೊಲೆಯಾದರೆ, ಕೊಲ್ಲುವ ಉದ್ದೇಶ ಇತ್ತು ಎಂದು ಸಾಬೀತಾಗಬೇಕೋ ಬೇಡವೋ? ಓದಿದರೆ ಎರಡು ಅರ್ಥವೂ ಬರುತ್ತಿತ್ತು. 1983ರ ಕಾರ್ಲೋಸ್ ಕೇಸಿನಲ್ಲಿ ಕೋರ್ಟು, ಉದ್ದೇಶ ಸಾಬೀತಾಗಲೇಬೇಕು ಎಂದಿತು. ಅಲ್ಲಿಗೆ, ಜ್ಯೂರಿಗೆ (ಕೇಸು ಕೇಳಿ ತಪ್ಪಿತಸ್ಥನೋ ಅಲ್ಲವೋ ಎಂದು ಹೇಳುವ ಸಾಮಾನ್ಯ ಜನರ ಗುಂಪು) ಆ ಮಾತು ಹೇಳಿಕೊಡದೆ ನಡೆದಿದ್ದ ಎಷ್ಟೋ ವಿಚಾರಣೆಗಳ ಶಿಕ್ಷೆ ಬಿದ್ದುಹೋಯಿತು. ಬಿದ್ದುಹೋಯಿತು ಎಂದರೆ ಕೊಲೆಗಾರನನ್ನು ಮನೆಗೆ ಕಳಿಸಿದರು ಎಂದಲ್ಲ. ಗಲ್ಲು ಹೋಗಿ ಜೈಲು, ಇಲ್ಲವೇ ಮರುವಿಚಾರಣೆ. ಇದನ್ನು ಓಟಿನ ಭಾಷಣದಲ್ಲಿ ಹೇಳುವುದು ಹೇಗೆ? ರೋಸ್ ಬರ್ಡ್ ಬೇಡ ಎನ್ನುವವರು ಕೊಲೆಯಾದ ಮಕ್ಕಳ ತಂದೆತಾಯಿಯರನ್ನು ಟೀವಿ ಜಾಹೀರಾತಿನಲ್ಲಿ ತೋರಿಸಿದರು. ಅವರ ಕಣ್ಣೀರು ನಿಜವಾದದ್ದು. ಅದರ ಮುಂದೆ ಜ್ಯೂರಿಗೆ ಕೊಟ್ಟ ಸೂಚನೆಯ ದೋಷ ಅಂತ ವಿವರಿಸಲು ಹೋದವರ ಗತಿ ಏನಾಗಬೇಕು?

ಆಗಿನ ಗವರ್ನರ್ ಜಾರ್ಜ್ ಡ್ಯುಕ್‌ಮೇಜಿಯನ್. 1977ರಲ್ಲಿ ಮರಣದಂಡನೆ ಕಾನೂನು ತಂದ ಶಾಸಕ ಅವರೇ. 1986ರಲ್ಲಿ ತಮ್ಮ ಮರುಆಯ್ಕೆಗೂ ನಿಂತಿದ್ದರು, ರೋಸ್ ಬರ್ಡ್ ವಿರುದ್ಧದ ಪ್ರಚಾರವನ್ನೇ ತಮ್ಮ ಪ್ರಚಾರಕ್ಕೂ ಜೋಡಿಸಿಕೊಂಡರು. ಎದುರಾಳಿ ಟಾಮ್ ಬ್ರಾಡ್ಲಿ ಆ ಕಡೆಯೂ ಇಲ್ಲ ಈ ಕಡೆಯೂ ಇಲ್ಲ ಅಂತ ಬಾಯಿ ಮುಚ್ಚಿಕೊಂಡರು. ಇನ್ನಿಬ್ಬರು ನ್ಯಾಯಮೂರ್ತಿಗಳ ವಿಚಾರದಲ್ಲಿ ಗವರ್ನರ್ ಮೊದಲು, ಮುಂದಿನ ಗಲ್ಲು ಕೇಸುಗಳಲ್ಲಿ ಇವರು ಹೇಗೆ ನಡೆದುಕೊಳ್ಳುತ್ತಾರೆ ನೋಡುತ್ತೇನೆ ಎಂಬ ಧಾಟಿಯಲ್ಲಿ ಮಾತಾಡಿದರು. ನನಗೆ ಎಲ್ಲಕ್ಕಿಂತ ಕೆಟ್ಟದ್ದು ಅನಿಸುವುದು ಇದು. ಕೂತಿರುವ ಜಡ್ಜ್‌ಗೆ, ಬಾಕಿ ಇರುವ ಕೇಸಿನ ಬಗ್ಗೆ, ಹೊರಗಿನಿಂದ ಕೊಟ್ಟ ಎಚ್ಚರಿಕೆ.

ಅದೇ ಕೋರ್ಟಿನಲ್ಲಿದ್ದು 1985ರಲ್ಲಿ ನಿವೃತ್ತರಾದ ಓಟೋ ಕಾವ್ಸ್ ಎಂಬ ನ್ಯಾಯಮೂರ್ತಿ ಈ ಸ್ಥಿತಿಯನ್ನು ಹೀಗೆ ವರ್ಣಿಸಿದ್ದರು: ಸ್ನಾನದ ತೊಟ್ಟಿಯಲ್ಲಿ ಮೊಸಳೆ ಇದೆ, ನೀವು ಗಡ್ಡ ಹೆರೆದುಕೊಳ್ಳುತ್ತಾ ಅದರ ಬಗ್ಗೆ ಯೋಚಿಸದೆ ಇರಲು ನೋಡುತ್ತಿದ್ದೀರಿ.

ಫಲಿತಾಂಶ: ರೋಸ್ ಬರ್ಡ್ ಬೇಡ ಎಂದವರು ಸುಮಾರು ಶೇ. 67. ರೆನೊಸೊ ಬೇಡ ಎಂದವರು 60, ಗ್ರೋಡಿನ್ ಬೇಡ ಎಂದವರು 57. ಗ್ರೋಡಿನ್ ಕೆಲವು ಕೇಸುಗಳಲ್ಲಿ ಗಲ್ಲನ್ನು ಎತ್ತಿಹಿಡಿದವರೇ. ಅದು ಲೆಕ್ಕಕ್ಕೆ ಬರಲಿಲ್ಲ. ಅದೇ ಹಾಳೆಯಲ್ಲಿದ್ದ ಇನ್ನು ಮೂವರು, ಮಾಸ್ಕ್, ಲ್ಯೂಕಸ್, ಪ್ಯಾನೆಲ್ಲಿ, ಆರಾಮಾಗಿ ಉಳಿದರು. ಖಾಲಿಯಾದ ಮೂರು ಕುರ್ಚಿ ತುಂಬುವ ಅಧಿಕಾರ ಯಾರದು? ಗವರ್ನರ್‌ದೇ. ತಮ್ಮ ಹಳೆಯ ವಕೀಲಿ ಪಾಲುದಾರ ಮ್ಯಾಲ್ಕಮ್ ಲ್ಯೂಕಸ್‌ರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಮುಂದಿನ ವರ್ಷವೇ, 1987ರಲ್ಲಿ, ಆಂಡರ್ಸನ್ ಕೇಸಿನಲ್ಲಿ ಕಾರ್ಲೋಸ್ ತೀರ್ಪು ರದ್ದಾಯಿತು.

ಅಷ್ಟೆಲ್ಲ ಆಗಿ ಗಲ್ಲು ಎಷ್ಟಾಯಿತು ಗೊತ್ತೇ? ಕ್ಯಾಲಿಫೋರ್ನಿಯಾದಲ್ಲಿ 1967ರ ನಂತರ ಮೊದಲ ಮರಣದಂಡನೆ ಜಾರಿಯಾದದ್ದು 1992ರಲ್ಲಿ, ರಾಬರ್ಟ್ ಹ್ಯಾರಿಸ್ ಎಂಬಾತನಿಗೆ. ಅವನ ಶಿಕ್ಷೆಯನ್ನು ಎತ್ತಿಹಿಡಿದದ್ದು 1981ರಲ್ಲಿ, ರೋಸ್ ಬರ್ಡ್ ಮುಖ್ಯ ನ್ಯಾಯಮೂರ್ತಿಯಾಗಿದ್ದ ಅದೇ ಕೋರ್ಟು! ಅವರು ಒಪ್ಪಲಿಲ್ಲ, ಬಹುಮತ ಒಪ್ಪಿತು. 1992ರಿಂದ 2006ರ ವರೆಗೆ ಒಟ್ಟು 13 ಮಂದಿ. 2019ರಲ್ಲಿ ಆಗಿನ ಗವರ್ನರ್ ಅದನ್ನೂ ತಡೆಹಿಡಿದರು. ಮರಣದಂಡನೆ ಎದುರು ನೋಡುತ್ತಾ ಜೈಲಿನಲ್ಲಿ ಒಂದು ಕಾಲಕ್ಕೆ 700ಕ್ಕೂ ಹೆಚ್ಚು ಜನ ಕೂತಿದ್ದರು.

ಪ್ರಶ್ನೆ: ಒಂದು ಓಟಿನ ಹಿಂದೆ ದುಡ್ಡು ಇಲ್ಲದೆ ಇರುವುದಿಲ್ಲ. ಮೇಲಿನ ಥರದ ಚುನಾವಣೆಗೆ ದುಡ್ಡು ಯಾರು ಸುರಿಯುತ್ತಾರೆ? ಗಲ್ಲಿನಿಂದ ಯಾವ ಸಾಹುಕಾರನಿಗೆ ಏನು ಲಾಭ?
– ಕಡಲೇಕಾಯಿ ಬೆಳೆಗಾರ, ಸಿರಾ ತಾಲ್ಲೂಕು

ಉತ್ತರ: ನೀವು ಸರಿಯಾದ ಗಂಟಿಗೇ ಕೈ ಹಾಕಿದಿರಿ. 1986ರಲ್ಲಿ ಎರಡೂ ಕಡೆ ಸೇರಿ ಒಂದು ಕೋಟಿ ಡಾಲರಿಗೂ ಹೆಚ್ಚು ಖರ್ಚಾಯಿತು, ಆ ಕಾಲಕ್ಕೆ. ರೋಸ್ ಬರ್ಡ್ ವಿರುದ್ಧ ದೇಣಿಗೆ ಕೊಟ್ಟವರಲ್ಲಿ ದೊಡ್ಡ ದೊಡ್ಡ ಜಮೀನಿನ ಕೃಷಿ ಕಂಪನಿಗಳು, ತೈಲ ತೆಗೆಯುವವರು ಇದ್ದರು. ಅವರಿಗೂ ಗಲ್ಲಿಗೂ ಎಲ್ಲಿಯ ಸಂಬಂಧ?

ನೀವು ಹೊಲದವರು, ಇದು ನಿಮಗೆ ಅರ್ಥವಾಗುತ್ತದೆ. ಅಲ್ಲಿಯ ಲೆಟಿಸ್ ಸೊಪ್ಪಿನ, ಸಕ್ಕರೆ ಬೀಟ್ ಗೆಡ್ಡೆಯ ಹೊಲಗಳಲ್ಲಿ ಮೆಕ್ಸಿಕೋ ಕಡೆಯಿಂದ ಬಂದ ಕೂಲಿಯಾಳುಗಳು ಗಿಡ್ಡ ಕಾವಿನ ಗುದ್ದಲಿ ಹಿಡಿದು ಕಳೆ ತೆಗೆಯಬೇಕಿತ್ತು. ದಿನವಿಡೀ ಬಗ್ಗಿಕೊಂಡೇ. ಉದ್ದ ಕಾವು ಕೊಟ್ಟರೆ ಆಳು ನೆಟ್ಟಗೆ ನಿಲ್ಲುತ್ತಾನೆ, ನಿಂತರೆ ಕೆಲಸ ಮಾಡುತ್ತಿದ್ದಾನೋ ಇಲ್ಲವೋ ದೂರದಿಂದ ಗೊತ್ತಾಗುವುದಿಲ್ಲ. ಬೆನ್ನುಮೂಳೆ ಸವೆದು ನಲವತ್ತಕ್ಕೇ ಮುದುಕರಾದವರು ಎಷ್ಟೋ. ಆ ಗುದ್ದಲಿಯ ವಿರುದ್ಧ ಕೇಸು ನಡೆಸಿದ್ದು ಕ್ಯಾಲಿಫೋರ್ನಿಯಾ ರೂರಲ್ ಲೀಗಲ್ ಅಸಿಸ್ಟೆನ್ಸ್ ಎಂಬ ಬಡವರ ಪರ ಸಂಸ್ಥೆಯ ವಕೀಲರು. 1975ರಲ್ಲಿ ಗುದ್ದಲಿ ನಿಷೇಧವಾಯಿತು. ಅದೇ ವರ್ಷ ಕೂಲಿಕಾರರಿಗೆ ಸಂಘ ಕಟ್ಟುವ, ಸಂಘಕ್ಕೆ ಓಟು ಹಾಕುವ ಹಕ್ಕು ಕೊಡುವ ಕಾಯಿದೆಯೂ ಬಂತು. ಆಗ ಕೃಷಿ ಖಾತೆ ಯಾರ ಕೈಯಲ್ಲಿತ್ತು? ರೋಸ್ ಬರ್ಡ್ ಕೈಯಲ್ಲಿ. ಆ ಕಾಯಿದೆಯ ಕರಡಿಗೆ ಕೈ ಹಾಕಿದವರೂ ಅವರೇ. ಇನ್ನು ಆ ವಕೀಲರ ಸಂಸ್ಥೆಗೆ ಅದಕ್ಕೆ ಸ್ವಲ್ಪ ಹಿಂದೆ ನಿರ್ದೇಶಕರಾಗಿದ್ದವರು ಕ್ರೂಸ್ ರೆನೊಸೊ, ಸ್ವತಃ ಹೊಲದ ಕೂಲಿಯಾಳುಗಳ ಮಗ.

1986ರಲ್ಲಿ ಬೀಳಿಸಿದ ಮೂವರಲ್ಲಿ ಇಬ್ಬರು ಇವರು. ಗುದ್ದಲಿ ಹೋಯಿತು ಅಂತ ಓಟು ಕೇಳಲಾಗುತ್ತದೆಯೇ? ಗಲ್ಲು ಇಲ್ಲ ಅಂತ ಕೇಳಬಹುದು. ಹೊಸ ಕೋರ್ಟು ಬಂದ ಮೇಲೆ ಬದಲಾದದ್ದು ಗಲ್ಲಿನ ತೀರ್ಪುಗಳು ಮಾತ್ರವೂ ಅಲ್ಲ. ಇನ್ನೊಬ್ಬರ ಗಾಡಿ ಗುದ್ದಿ ಏಟು ತಿಂದವನು, ಪರಿಹಾರ ಕೊಡದೆ ಸತಾಯಿಸುವ ಅವರ ವಿಮಾ ಕಂಪನಿಯ ಮೇಲೇ ಕೇಸು ಹಾಕಬಹುದು ಎಂದು 1979ರಲ್ಲಿ ತೀರ್ಪಾಗಿತ್ತು. 1988ರಲ್ಲಿ ಅದನ್ನು ತಿರುಗಿಸಿ ಹಾಕಿದರು.

ಇದು ಅಲ್ಲಿಗೇ ನಿಂತಿಲ್ಲ. 2002ರಲ್ಲಿ ವೆಸ್ಟ್ ವರ್ಜೀನಿಯಾದಲ್ಲಿ ಒಂದು ಕಲ್ಲಿದ್ದಲು ಕಂಪನಿಯ ಮೇಲೆ ಐದು ಕೋಟಿ ಡಾಲರ್ ಪರಿಹಾರದ ತೀರ್ಪಾಗಿತ್ತು, ಮೇಲ್ಮನವಿ ಇನ್ನೂ ಆಗಬೇಕಿತ್ತು. 2004ರ ಚುನಾವಣೆಯಲ್ಲಿ ಕಂಪನಿಯ ಮುಖ್ಯಸ್ಥ 30 ಲಕ್ಷ ಡಾಲರ್ ಸುರಿದು ತನಗೆ ಬೇಕಾದವರನ್ನು ರಾಜ್ಯದ ಸುಪ್ರೀಂ ಕೋರ್ಟಿಗೆ ಗೆಲ್ಲಿಸಿದ. ಗೆದ್ದವರು ಆ ಕೇಸಿನಿಂದ ಹಿಂದೆ ಸರಿಯಲಿಲ್ಲ. 3ಕ್ಕೆ 2ರ ಬಹುಮತದಲ್ಲಿ ಪರಿಹಾರ ರದ್ದಾಯಿತು. 2009ರಲ್ಲಿ ವಾಷಿಂಗ್ಟನ್ನಿನ ಕೋರ್ಟು, ಹಿಂದೆ ಸರಿಯಲೇಬೇಕಿತ್ತು ಎಂದಿತು. ಅದೂ 5ಕ್ಕೆ 4. ನಾಲ್ವರಿಗೆ ಅದರಲ್ಲಿ ತಪ್ಪು ಕಾಣಲಿಲ್ಲ!

2025ರ ಏಪ್ರಿಲ್ 1ರಂದು ವಿಸ್ಕಾನ್ಸಿನ್ ರಾಜ್ಯದ ಒಂದೇ ಒಂದು ಕುರ್ಚಿಗೆ ಸುಮಾರು 10 ಕೋಟಿ ಡಾಲರ್ ಖರ್ಚಾಯಿತು. ಇಲಾನ್ ಮಸ್ಕ್ ವೇದಿಕೆಯ ಮೇಲೆ ಮತದಾರರಿಗೆ ಹತ್ತು ಹತ್ತು ಲಕ್ಷ ಡಾಲರಿನ ಚೆಕ್ಕು ಹಂಚಿದರು. ಅವರ ಕಡೆಯವರು ಸೋತರು, ಅದೂ ಹತ್ತು ಪರ್ಸೆಂಟ್ ಅಂತರದಲ್ಲಿ. ದುಡ್ಡು ಯಾವಾಗಲೂ ಗೆಲ್ಲುವುದಿಲ್ಲ ಎಂಬುದೂ ನಿಮ್ಮ ಲೆಕ್ಕದಲ್ಲಿರಲಿ.

ಪ್ರಶ್ನೆ: ಆ ಯಮ್ಮ ಗಂಡಸಾಗಿದ್ದರೂ ಹೀಗೇ ಸೋಲುತ್ತಿದ್ದರಾ ಅಕ್ಕ?
– ಅಂಗನವಾಡಿ ಕಾರ್ಯಕರ್ತೆ, ಕುಣಿಗಲ್

ಉತ್ತರ: ಸೋತವರಲ್ಲಿ ಇಬ್ಬರು ಗಂಡಸರೇ ತಂಗಿ. ಆದರೆ ಎಷ್ಟೋ ತೀರ್ಪುಗಳಲ್ಲಿ ಅವರ ಜೊತೆಗೇ ನಿಂತಿದ್ದ ಸ್ಟ್ಯಾನ್ಲಿ ಮಾಸ್ಕ್ ಉಳಿದುಕೊಂಡರು. ಅವರು ಹಿಂದೆ ಅಟಾರ್ನಿ ಜನರಲ್ ಆಗಿ ರಾಜಕೀಯದ ನೀರು ಕುಡಿದವರು, ಅವರ ತಂಟೆಗೆ ಎದುರಾಳಿಗಳು ಹೋಗಲಿಲ್ಲ. ರೋಸ್ ಬರ್ಡ್ ಬಗ್ಗೆ ಪತ್ರಿಕೆಗಳು ಬರೆದದ್ದು ನೋಡಿದರೆ, ಬಿಗುಮಾನ, ಯಾರ ಜೊತೆಗೂ ಬೆರೆಯುವುದಿಲ್ಲ ಎಂಬ ಮಾತೇ. ಇದೇ ಗುಣ ಗಂಡಸಿನಲ್ಲಿದ್ದರೆ ಶಿಸ್ತು ಅನ್ನುತ್ತಾರೆ.

ನಾನು ಮೊದಲ ಸಲ ತಾಲ್ಲೂಕು ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಜಾಗದಲ್ಲಿ ಕೂತಾಗ, ಫೈಲು ಹಿಡಿದು ಬಂದ ಕಕ್ಷಿದಾರರು ನನ್ನ ತಲೆಯ ಮೇಲಿಂದ ಹಿಂದಕ್ಕೆ ನೋಡಿ, "ಗುಮಾಸ್ತರು ಎಲ್ಲಿಗೆ ಹೋದರಮ್ಮ?" ಅನ್ನುತ್ತಿದ್ದರು. ಅದು ತಾಲ್ಲೂಕು ಕೋರ್ಟಿನ ಮೂಲೆ ಮೇಜು. ಆಕೆಯದು ಒಂದು ರಾಜ್ಯದ ಅತಿ ದೊಡ್ಡ ಪೀಠ.

ಪದವಿ ಹೋದ ಮೇಲೆ ಏನು ಮಾಡಿದರು ಎಂದು ನೀವು ಕೇಳಿಲ್ಲ, ನಾನೇ ಹೇಳುತ್ತೇನೆ. ತಾಯಿಯ ಜೊತೆ ಪಾಲೋ ಆಲ್ಟೋದಲ್ಲಿ ಇದ್ದರು. ಹತ್ತಿರದ ಒಂದು ಬಡವರ ಕಾನೂನು ನೆರವು ಕಚೇರಿಗೆ ಹೋಗಿ ಸಂಬಳವಿಲ್ಲದೆ ಜೆರಾಕ್ಸ್ ತೆಗೆಯುವ ಕೆಲಸಕ್ಕೆ ನಿಂತರು. ಸ್ವಲ್ಪ ಕಾಲ ಅವರು ಯಾರೆಂದು ಅಲ್ಲಿಯವರಿಗೂ ಗೊತ್ತಾಗಲಿಲ್ಲ. ಮುಖ್ಯ ನ್ಯಾಯಮೂರ್ತಿ ಆಗುವ ಮುಂಚಿನಿಂದಲೂ ಸ್ತನ ಕ್ಯಾನ್ಸರ್ ಬೆನ್ನು ಹತ್ತಿತ್ತು, 1999ರ ಡಿಸೆಂಬರಿನಲ್ಲಿ ಅದರಿಂದಲೇ ತೀರಿಕೊಂಡರು. 63 ವರ್ಷ. ರೆನೊಸೊ ಮೇಷ್ಟ್ರಾದರು, ಕಾನೂನು ಕಲಿಸಿದರು. 2000ದಲ್ಲಿ ಅಮೆರಿಕದ ಅಧ್ಯಕ್ಷರು ಅವರಿಗೆ ದೇಶದ ಅತಿ ದೊಡ್ಡ ನಾಗರಿಕ ಗೌರವ ಕೊಟ್ಟರು.

ಪ್ರಶ್ನೆ: ಅಣ್ಣತಮ್ಮಂದಿರ ಪಾಲು ವಿಭಾಗದ ದಾವೆ, ನಮ್ಮಪ್ಪ ಹಾಕಿದ್ದು. ಅಪ್ಪ ಹೋದರು, ದೊಡ್ಡಪ್ಪ ಹೋದರು, ಕೇಸು ಮಾತ್ರ ಗಟ್ಟಿಯಾಗಿದೆ. ಗೆದ್ದವನು ಸೋತ, ಸೋತವನು ಸತ್ತ ಅಂತಾರಲ್ಲ, ನಮಗೆ ಎರಡೂ ಇಲ್ಲ. ಜಡ್ಜ್‌ಗಳಿಗೆ ನಾವು ಓಟು ಹಾಕುವಂತಾದರೆ ಬೇಗ ಮುಗಿಸುತ್ತಾರಾ?
– ರೈತ, ಮಧುಗಿರಿ

ಉತ್ತರ: ಇಲ್ಲ ಸ್ವಾಮಿ. ನಿಮ್ಮ ಅಪ್ಪನವರು, ದೊಡ್ಡಪ್ಪನವರು ತೀರಿಕೊಂಡ ಮೇಲೆ ವಾರಸುದಾರರನ್ನು ದಾಖಲೆಗೆ ತಂದಿದ್ದಾರಾ, ಬೇರೆ ಊರಲ್ಲಿ ಹೆಣ್ಣುಮಕ್ಕಳಿದ್ದರೆ ಅವರಿಗೆ ನೋಟಿಸು ಮುಟ್ಟಿದೆಯಾ, ಇದನ್ನು ಮೊದಲು ವಕೀಲರ ಹತ್ತಿರ ಕೇಳಿ. ಪಾಲಿನ ದಾವೆ ನಿಲ್ಲುವುದು ಹೆಚ್ಚಾಗಿ ಅಲ್ಲಿ. ಓಟಿನ ಜಡ್ಜ್ ಬಂದರೆ ನಿಮ್ಮ ಊರಲ್ಲಿ ಯಾರ ಕಡೆ ಮನೆಗಳು ಜಾಸ್ತಿ ಎಂದು ಎಣಿಸಿಯಾರು. ದೊಡ್ಡಪ್ಪನ ಮಕ್ಕಳು ಎಷ್ಟು ಜನ?

ಪ್ರಶ್ನೆ: ನಮ್ಮ ದೇಶದಲ್ಲಿ ಓಟಿಲ್ಲದಿದ್ದರೂ, ತೀರ್ಪು ಹಿಡಿಸಲಿಲ್ಲ ಅಂತ ನ್ಯಾಯಮೂರ್ತಿಗಳಿಗೆ ಶಿಕ್ಷೆ ಆದದ್ದುಂಟೆ? ಅವರ ಸ್ಥಿತಿಗಿಂತ ನಮ್ಮದೇ ವಾಸಿ ಅನ್ನಬಹುದೇ?
– ಪ್ರೌಢಶಾಲೆ ಶಿಕ್ಷಕ, ಪಾವಗಡ

ಉತ್ತರ: ಉಂಟು ಮೇಷ್ಟ್ರೇ, ಅದರಲ್ಲಿ ನಮ್ಮ ಕನ್ನಡದವರೂ ಇದ್ದಾರೆ. 1973ರ ಏಪ್ರಿಲ್ 24ರಂದು ಕೇಶವಾನಂದ ಭಾರತಿ ತೀರ್ಪು ಬಂತು. 13 ಜನರ ಪೀಠ, 7ಕ್ಕೆ 6. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತೂ ಮುಟ್ಟುವಂತಿಲ್ಲ ಎಂಬ ತೀರ್ಪು. ಮರುದಿನವೇ ಕೇಂದ್ರ ಸರ್ಕಾರ, ಸೇವಾ ಹಿರಿತನದಲ್ಲಿ ಮುಂದಿದ್ದ ಶೇಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ, ತೀರ್ಪಿನಲ್ಲಿ ಸರ್ಕಾರದ ಕಡೆಗಿದ್ದ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಮೂವರೂ ರಾಜೀನಾಮೆ ಕೊಟ್ಟರು. ಆ ಹೆಗ್ಡೆ ಎಂದರೆ ಕಾರ್ಕಳ ತಾಲ್ಲೂಕಿನ ಕೆ.ಎಸ್. ಹೆಗ್ಡೆ. ಅವರು 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಗೆದ್ದು, ಆಮೇಲೆ ಸ್ಪೀಕರೂ ಆದರು. ಅಲ್ಲಿ ಕುರ್ಚಿ ಕಿತ್ತುಕೊಂಡದ್ದು ಜನರ ಓಟು. ಇಲ್ಲಿ ಕುರ್ಚಿ ತಪ್ಪಿಸಿದ್ದು ಸರ್ಕಾರ, ಆಮೇಲೆ ಅದೇ ಮನುಷ್ಯನನ್ನು ಜನ ಓಟು ಹಾಕಿ ಇನ್ನೊಂದು ಕುರ್ಚಿಗೆ ಕೂರಿಸಿದರು.

ಆ ಪೆಟ್ಟಿನಿಂದ ಪಾಠ ಕಲಿತೇ 1993ರಲ್ಲಿ ಸುಪ್ರೀಂ ಕೋರ್ಟು ನೇಮಕದ ಹಿಡಿತವನ್ನು ತನ್ನ ಹಿರಿಯ ನ್ಯಾಯಮೂರ್ತಿಗಳ ಕೈಗೆ ತೆಗೆದುಕೊಂಡಿತು. ಕೊಲಿಜಿಯಂ ಅನ್ನುವುದು ಅದನ್ನೇ. ಸಂಸತ್ತು 2014ರಲ್ಲಿ ನೇಮಕಾತಿ ಆಯೋಗ ತಂದಾಗ 2015ರ ಅಕ್ಟೋಬರಿನಲ್ಲಿ ಅದನ್ನೂ ಹೊಡೆದುಹಾಕಿತು.

ವಾಸಿಯೇ ಅಂದಿರಿ. ನೌಕರಿಯ ಭದ್ರತೆಯಲ್ಲಿ ವಾಸಿ: ಹೈಕೋರ್ಟಿನವರಿಗೆ 62, ಸುಪ್ರೀಂ ಕೋರ್ಟಿನವರಿಗೆ 65ರ ತನಕ ತೀರ್ಪಿನ ಸಿಟ್ಟಿಗೆ ಯಾರೂ ತೆಗೆಯುವಂತಿಲ್ಲ. ತೆಗೆಯಬೇಕಾದರೆ ದುರ್ನಡತೆ ಇಲ್ಲವೇ ಅಸಮರ್ಥತೆ ಸಾಬೀತಾಗಿ, ಸಂಸತ್ತಿನ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತ ಬೇಕು. ಆದರೆ ಬಾಗಿಲು ಮುಚ್ಚಿದ ಕೋಣೆಯಲ್ಲಿ ಒಬ್ಬರ ಹೆಸರು ಯಾಕೆ ಮೇಲೆ ಹೋಯಿತು, ಇನ್ನೊಬ್ಬರದು ಯಾಕೆ ಕೆಳಗೆ ಬಿತ್ತು ಎಂದು ನಮ್ಮ ನಿಮ್ಮಂಥವರಿಗೆ ಗೊತ್ತಾಗುವುದಿಲ್ಲ. ಹೊರಗೆ ಪ್ರಕಟಿಸುವ ಕಾರಣಗಳು ಎರಡು ಸಾಲು, ಎಷ್ಟೋ ಸಲ ಅದೂ ಇಲ್ಲ. ಸಿವಿಲ್ ಜಡ್ಜ್ ಹುದ್ದೆಗೆ ಹೈಕೋರ್ಟು ಪರೀಕ್ಷೆ ನಡೆಸಿ, ಅಂಕದ ಪಟ್ಟಿ ಹಾಕುತ್ತದೆ. ಮೇಲೆ ಮೇಲೆ ಹೋದ ಹಾಗೆ ಪಟ್ಟಿ ಕಾಣುವುದಿಲ್ಲ. ಇದು ನನಗೆ ಸರಿ ಅನಿಸುವುದಿಲ್ಲ. ಹಾಗಂತ ಮೆಕ್ಸಿಕೋದವರ ಹಾಗೆ ಎಲ್ಲರನ್ನೂ ಓಟಿಗೆ ನಿಲ್ಲಿಸಿ ಎನ್ನಲಾರೆ. ಅಲ್ಲಿ 2025ರ ಜೂನ್ 1ರಂದು ಸುಪ್ರೀಂ ಕೋರ್ಟಿನಿಂದ ಹಿಡಿದು ಜಡ್ಜ್‌ಗಳ ಚುನಾವಣೆ ನಡೆಯಿತು, ಓಟು ಹಾಕಲು ಬಂದವರು ನೂರಕ್ಕೆ ಸುಮಾರು 13 ಜನ.

ಪ್ರಶ್ನೆ: ಸುತ್ತಿ ಬಳಸಿ ಬೇಡ. 1986ರಲ್ಲಿ ನೀವು ಅಲ್ಲಿ ಇದ್ದಿದ್ದರೆ ಓಟು ಯಾರಿಗೆ ಹಾಕುತ್ತಿದ್ದಿರಿ?
– ಇಡ್ಲಿ ಹೋಟೆಲಿನವರು, ಕ್ಯಾತಸಂದ್ರ

ಉತ್ತರ: ರೋಸ್ ಬರ್ಡ್‌ಗೆ ಹೌದು. 60ಕ್ಕೂ ಹೆಚ್ಚು ಕೇಸುಗಳಲ್ಲಿ ಒಂದಾದರೂ ಗಲ್ಲಿಗೆ ತಕ್ಕದ್ದು ಅನಿಸಲಿಲ್ಲವೇ ಎಂಬ ಅನುಮಾನ ನನಗೂ ಇದೆ. ಇದ್ದರೂ ಹೌದು. ರೆನೊಸೊಗೆ ಹೌದು, ಗ್ರೋಡಿನ್‌ಗೆ ಯೋಚಿಸದೆ ಹೌದು. ಗವರ್ನರ್ ಕಡೆಯ ಲ್ಯೂಕಸ್‌ಗೂ ಹೌದು, ಅವರ ತೀರ್ಪುಗಳು ನನಗೆ ಅಷ್ಟಕ್ಕಷ್ಟೇ. ಲಂಚ ಮುಟ್ಟಿದವರಲ್ಲ, ಕೋರ್ಟಿಗೆ ಬರದೆ ಕೂತವರಲ್ಲ. ಇದಕ್ಕಿಂತ ಹೆಚ್ಚು ಕೇಳುವ ಅಧಿಕಾರ ಓಟಿನ ಹಾಳೆಗೆ ಇರಬಾರದು ಎಂಬುದು ನನ್ನ ಲೆಕ್ಕ. ಆರಕ್ಕೆ ಆರೂ ಹೌದು.